ಕೈ ಒರೆಸುವ ಕಾಗದ

ನಾಸಿಕ್ ರೋಡ್ ಸ್ಟೇಷನ್ನಿನ ಎದುರು ನನ್ನ ಹೋಟೆಲು. ಹಿಂಬದಿಯ ಕೈತೊಳೆಯುವ ಜಾಗ ನನ್ನೊಬ್ಬನದಲ್ಲ. ಮಹಡಿಯ ಲಾಡ್ಜಿನವರಿಗೂ ಅದೇ. ಕೈ ಒರೆಸಲು ಹಳೆಯ ಮರಾಠಿ ಪತ್ರಿಕೆಗಳನ್ನು ಅಂಗೈಯಗಲ ಕತ್ತರಿಸಿ ಇಡುತ್ತಿದ್ದೆವು. ಜನ ಒರೆಸಿ ಅಲ್ಲೇ ಬಿಸಾಡುತ್ತಿದ್ದರು. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ರದ್ದಿ ಕಾಗದ ಸಿಗುವುದೇ ಕಷ್ಟವಾಯಿತು. ಸಾಲದ್ದಕ್ಕೆ ಒದ್ದೆ ಕಾಗದ ತುಂಬಿ ಮೋರಿ ಎರಡು ಸಲ ಕಟ್ಟಿತು. ಕಟ್ಟಡದ ಒಡತಿ ಕಸ್ತೂರಿಬಾಯಿ ಬಂದು, ಇನ್ನೊಂದು ಸಲ ಕಟ್ಟಿದರೆ ಬೀಗ ಹಾಕುತ್ತೇನೆಂದು ಹೇಳಿ ಹೋದಳು. ಕೈ ತೊಳೆಯಲು ಜಾಗವಿಲ್ಲದ ಹೋಟೆಲಿಗೆ ಯಾರು ಬರುತ್ತಾರೆ?

ಬೇಸಿನ್ನಿನ ಬಳಿ ನಿಂತು ಕಾಗದ ಕೊಡುತ್ತಿದ್ದವನು ಶೀನ, ನನ್ನ ಹೆಂಡತಿ ರಾಜೀವಿಯ ತಮ್ಮ. ಮೊದಲು ಅಡುಗೆಮನೆಯಲ್ಲಿದ್ದ. ರುಬ್ಬುವ ಯಂತ್ರದೊಳಗೆ ಅವನ ಬಲಗೈ ಇದ್ದಾಗ ಸ್ವಿಚ್ಚು ಹಾಕಿದವನು ನಾನು. ನೋಡಿರಲಿಲ್ಲ. ಮೂರು ಬೆರಳು ಹೋದವು. ಓದು ಬಾರದವನನ್ನು ಹಣ ತೆಗೆದುಕೊಳ್ಳುವ ಗಲ್ಲೆಗೆ ಕೂರಿಸುವಂತಿರಲಿಲ್ಲ. ಆ ಕೈಯಲ್ಲಿ ತಟ್ಟೆ ನಿಲ್ಲುತ್ತಿರಲಿಲ್ಲ. ಉಳಿದ ಕೆಲಸ ಇದೊಂದೇ.

"ಒಬ್ಬರಿಗೆ ಒಂದೇ ಕಾಗದ," ಎಂದು ಅವನಿಗೆ ಹೇಳಿದೆ.

ಅವನು ಗಿರಾಕಿಗಳಿಗೆ, "ಕೈ ಮೂರು ಸಲ ಕೊಡವಿ, ಆಮೇಲೆ ಒರೆಸಿ," ಎನ್ನುತ್ತಿದ್ದ. ಆದರೆ ಬಲಗೈಯ ಎರಡು ಬೆರಳಲ್ಲಿ ಕಟ್ಟು ಬಿಗಿಯಾಗಿ ಹಿಡಿಯಲಾಗದೆ, ಎಡಗೈ ಎಳೆದಾಗ ಮೂರು ನಾಲ್ಕು ಒಟ್ಟಿಗೆ ಬರುತ್ತಿದ್ದವು.

ಓಝರಿನ ವಿಮಾನ ಕಾರ್ಖಾನೆಯ ರೇವಣಪ್ಪ ಭಾನುವಾರ ಊಟಕ್ಕೆ ಬರುತ್ತಿದ್ದ. ಅವತ್ತು ನಗುತ್ತ, "ಏನ್ರೀ ಮಾಲಕರ, ನಿಮ್ಮ ಹೋಟೆಲ್‌ನ್ಯಾಗ ಚಟ್ನಿ ಎರಡನೇ ಸಲ ಕೇಳಿದ್ರ ಮಾರಿ ತಿರುವ್ತೀರಿ. ಕಾಗದ ಮಾತ್ರ ಕೇಳದನ ನಾಕು ಕೊಡ್ತೀರಿ," ಎಂದ.

ಎಲ್ಲರೂ ನಕ್ಕರು. ನನಗೆ ತಲೆ ಕೆಟ್ಟಿತು.

"ಒಂದು ಕಾಗದ ಕೊಡ್ಲಿಕ್ಕೆ ಬರುದಿಲ್ವಾ ನಿಂಗೆ? ಮತ್ತೆ ಯಾಕೆ ನಿಂತದ್ದು ಇಲ್ಲಿ?" ಎಂದು ಎಲ್ಲರೆದುರು ಕೂಗಿದೆ.

ನಗು ನಿಂತಿತು. ಶೀನ ಕೆಳಗೆ ಬಿದ್ದ ಕಾಗದ ಹೆಕ್ಕತೊಡಗಿದ.

ಮಾರನೆಯ ಬೆಳಿಗ್ಗೆ ಬೇಸಿನ್ನಿನ ಮೇಲಿನ ಗೋಡೆಯಲ್ಲಿ ಒಂದು ಮೊಳೆ ಇತ್ತು. ಶೀನ ಕಾಗದದ ಕಟ್ಟನ್ನು ಮೊಣಕೈಯಿಂದ ಒತ್ತಿಹಿಡಿದು, ಮೂಲೆಗೆ ದಬ್ಬಣ ಚುಚ್ಚಿ, ಹುರಿ ಪೋಣಿಸಿ ಅದಕ್ಕೆ ತೂಗುಹಾಕಿದ್ದ. ಒದ್ದೆ ಕೈಯಲ್ಲಿ ಎಳೆದರೆ ಒಂದೇ ಹಾಳೆ ಹರಿದು ಬರುತ್ತಿತ್ತು. ಕೆಳಗೆ ಎಣ್ಣೆಯ ಖಾಲಿ ಡಬ್ಬ ಇಟ್ಟಿದ್ದ, ಬಿಸಾಡಲು. ಒಂದು ದಿನಕ್ಕೆ ಮುಗಿಯುತ್ತಿದ್ದ ಕಟ್ಟು ಮೂರು ದಿನ ಬಂತು. ಮೋರಿ ಕಟ್ಟಲಿಲ್ಲ.

ಶೀನ ಮೊಳೆಯ ಪಕ್ಕದಲ್ಲೇ ನಿಂತಿರುತ್ತಿದ್ದ. ಕೊಡವಿ ಎನ್ನುತ್ತಿದ್ದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಐದನೆಯ ದಿನ ನನ್ನ ಬಳಿ ಬಂದ.

"ಭಾವ, ನಾನೀಗ ಎಲ್ಲಿ ನಿಲ್ಲುದು?"

ನಾನು ಗಲ್ಲೆಯ ಚಿಲ್ಲರೆ ಎಣಿಸತೊಡಗಿದೆ.

ಔರಂಗಾಬಾದಿನಲ್ಲಿ ಹೋಟೆಲಿಟ್ಟಿದ್ದ ನಮ್ಮೂರಿನ ಮೋಹನದಾಸನಿಗೆ, ಶೀನನಿಗೊಂದು ಕೆಲಸ ಕೇಳಿ ಕಾಗದ ಬರೆದೆ. ಬೇಸಿನ್ನಿನ ಬಳಿ ನಿಲ್ಲಿಸಿಕೊಳ್ಳುತ್ತೇನೆಂದು ಅವನು ಉತ್ತರ ಬರೆದ. ರಾಜೀವಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು.

"ಸ್ವಿಚ್ಚು ಹಾಕಿದ್ದು ನೀವು," ಎಂದಳು. ಅಲ್ಲಿಯವರೆಗೆ ಒಮ್ಮೆಯೂ ಆ ಮಾತು ಆಡಿರಲಿಲ್ಲ.

"ಹೌದು," ಎಂದೆ.

ಅವಳು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಬಸ್ ಸ್ಟ್ಯಾಂಡಿಗೆ ಶೀನನನ್ನು ನಾನೇ ಕರೆದುಕೊಂಡು ಹೋದೆ. ಚೀಲ ಮೇಲೆ ಹಾಕಿಸಿ, ಕಿಟಕಿಯ ಬಳಿ ಕೂರಿಸಿದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಅದು ಬೇರೆ ಯಾರದೋ ನೆತ್ತಿ ಎನ್ನುವ ಹಾಗಿತ್ತು.

"ಅಲ್ಲಿ ಮೊಳೆ ಉಂಟಾ ಭಾವ?"

"ಇಲ್ಲ. ನೀನು ಹೊಡೀಬೇಡ."

ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಮೋರಿ ಕಟ್ಟಿದ್ರೆ?"

"ಕಟ್ಟಲಿ," ಎಂದೆ.