ವೀರವ್ವ ವಿಮೆ ವಾಪಸ್ ಕೊಟ್ಟದ್ದು

ನನ್ನ ಅತ್ತೆ ವೀರವ್ವನಿಗೆ ಎಪ್ಪತ್ಮೂರು. ಹತ್ತಿಮತ್ತೂರಿನಲ್ಲಿ ನಲವತ್ತು ವರ್ಷದಿಂದ ಸೀರೆ ಮಾರುವವಳು. ನನ್ನ ಅಡುಗೆಯನ್ನು ಎಂದೂ ಹೊಗಳಿದವಳಲ್ಲ, ಆದರೆ ಸವಣೂರಿನ ಬ್ಯಾಂಕಿನ ಲೋಹಿತನನ್ನು ಹೊಗಳಿ ಹೊಗಳಿ ನನ್ನ ತಲೆ ತಿಂದಿದ್ದಳು. ಕುರ್ಚಿ ಕೊಟ್ಟನಂತೆ, ಚಹಾ ತರಿಸಿದನಂತೆ, ‘ಅವ್ವಾ’ ಅಂದನಂತೆ. ಅಷ್ಟು ಮರ್ಯಾದೆ ಸಿಕ್ಕಿದ್ದರೆ ನಾನೂ ತೋರಿಸಿದಲ್ಲೆಲ್ಲ ಸಹಿ ಹಾಕುತ್ತಿದ್ದೆ.

ಮೊಣಕಾಲಿನ ಆಪರೇಷನ್ನಿಗೆಂದು ಕೂಡಿಸಿದ ಎರಡು ಲಕ್ಷವನ್ನು ಠೇವಣಿ ಇಡಲು ಹೋಗಿದ್ದಳು. ಅಂಚೆಯಲ್ಲಿ ಬಂದದ್ದು ವಿಮೆಯ ಬಾಂಡು. ವರ್ಷಕ್ಕೆ ಎರಡು ಲಕ್ಷದಂತೆ ಹತ್ತು ವರ್ಷ ಕಟ್ಟಬೇಕು. ಹಣ ಕೈಗೆ ಬರುವುದು ಅವಳಿಗೆ ಎಂಬತ್ತೆಂಟು ತುಂಬಿದಾಗ. ಓದಿ ಮನೆ ಹಾರಿಹೋಗುವಂತೆ ಕೂಗಾಡಿದೆ.

"ಅದಕ್ಯಾಕ ಅಷ್ಟ ಒದರ್ತೀ? ಮನಸಿಗೆ ಬರಲಿಲ್ಲಂತ ವಾಪಸ್ ಕೊಟ್ಟ ಬರೂಣು," ಎಂದಳು ಅತ್ತೆ.

ಅವಳ ವ್ಯಾಪಾರವೇ ಹಾಗೆ. ಸೀರೆ ಒಯ್ದವರು ನಾಲ್ಕು ಮಂದಿಗೆ ತೋರಿಸಿ, ಮಡಿಕೆ ಕೆಡದಂತೆ ತಂದುಕೊಟ್ಟರೆ ತಕರಾರಿಲ್ಲದೆ ಹಣ ಹಿಂತಿರುಗಿಸುತ್ತಾಳೆ. ಬ್ಯಾಂಕೂ ಹಾಗೇ ಎಂದು ನಂಬಿದ್ದಳು, ಪಾಪ. ಮರುದಿನವೇ ನನ್ನನ್ನು ಎಳೆದುಕೊಂಡು ಹೋಗಿ ಲೋಹಿತನ ಮೇಜಿನ ಮೇಲೆ ಬಾಂಡಿಟ್ಟಳು.

"ಮಡಿಕಿ ಮುರದಿಲ್ಲ ನೋಡಪಾ. ರೊಕ್ಕಾ ಕೊಡು."

"ಅವ್ವಾ, ಇದೇನ್ ಸೀರಿ ಅಲ್ರಿ. ಹೊಳ್ಳಿ ತಗೊಳ್ಳಾಕ ಬರಂಗಿಲ್ಲ."

"ಎಂಬತ್ತೆಂಟಕ್ಕ ನಾ ಎಲ್ಲಿರ್ತೇನೋ! ಮಣ್ಣ ಕೆದರಿ ಕೈಯಾಗ ಇಡ್ತೀಯೇನ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾಚಿಕೆಯಿಂದ ತಲೆ ತಗ್ಗಿಸಿ ಬಾಂಡಿನ ಪುಟ ತಿರುವುತ್ತಿದ್ದ ನನಗೆ ಸಣ್ಣಕ್ಷರದ ಸಾಲೊಂದು ಕಂಡಿತು: ಕೈಸೇರಿದ ಮೂವತ್ತು ದಿನದೊಳಗೆ ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಬಹುದು. ಇಡೀ ಬ್ಯಾಂಕಿಗೆ ಕೇಳುವಂತೆ ಓದಿದೆ. ಲೋಹಿತನ ಮುಖ ಸಪ್ಪಗಾಯಿತು.

"ಸೋಮವಾರ ಬರ್ರಿ, ನೋಡೂಣಂತ," ಎಂದ.

"ಸೋಮವಾರದ ತನಕಾ ಇಲ್ಲೇ ಕುಂದರ್ತೇನಿ," ಎಂದು ಅತ್ತೆ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತಳು. ಅರ್ಧ ಗಂಟೆಯಲ್ಲಿ ಅರ್ಜಿ ಬರೆಸಿ, ಮುದ್ರೆ ಒತ್ತಿದ ರಸೀದಿ ಕೈಗೆ ಕೊಟ್ಟರು.

ಹೊರಡುವಾಗ ಬಸವಣ್ಣೆಪ್ಪಜ್ಜ ಅಡ್ಡ ಬಂದ. ಎಂಬತ್ತರ ಮುದುಕ, ಲೋಹಿತನ ಬಳಿ ಇಂಥದೇ ವಿಮೆಯ ಎರಡನೇ ಕಂತು ಕಟ್ಟಲು ಬಂದವನು. ಚೀಲದಿಂದ ಲಕೋಟೆಯೊಂದನ್ನು ತೆಗೆದ. ಅದರ ಮೇಲೆ ಮೂರು ಗೆರೆ ವಿಭೂತಿ. ಒಡೆದೇ ಇರಲಿಲ್ಲ.

"ಯವ್ವಾ, ನಂದೂ ಒಂದೀಟ ಓದು. ಹ್ವಾದ ವರ್ಷ ಬಂದದ್ದು, ದೇವರ ಜಗಲಿ ಮ್ಯಾಲಿಟ್ಟು ದಿನಾ ಪೂಜಿ ಮಾಡೇನಿ. ನನಗೂ ರೊಕ್ಕಾ ಹೊಳ್ಳಿ ಕೊಡ್ತಾರಲಾ?"

ಅತ್ತೆ ನನ್ನ ಮುಖ ನೋಡಿದಳು. ಮೂವತ್ತು ದಿನ ಎಂದು ಅಷ್ಟು ಜೋರಾಗಿ ಓದಿದ್ದ ನಾನು, ವಿಭೂತಿ ಅಳಿಸದಂತೆ ಲಕೋಟೆಯ ಅಂಚು ಬಿಡಿಸಿ, ಹೋದ ವರ್ಷದ ತಾರೀಖನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೆ.