ಬುಟ್ಟಿಯ ಅರ್ಧ

ಮಾವ ಕಾಡಿನಿಂದ ಕಿತ್ತು ತಂದ ಅಣಬೆಯನ್ನು ಕಸಕ್ಕೆ ಹಾಕಿ, ಮಾರ್ಕೆಟ್ಟಿನಲ್ಲಿ ಕೊಂಡ ಅಣಬೆಯನ್ನು ಬಾಣಲೆಗೆ ಹಾಕುವುದು ಸೊಸೆಗೆ ಕೆಲವು ವಸಂತಗಳಿಂದ ರೂಢಿಯಾಗಿಬಿಟ್ಟಿತ್ತು. ಇದು ಅವಳ ಗಂಡನಿಗೆ ಗೊತ್ತಿತ್ತು. ಮಾವನಿಗೆ ಗೊತ್ತಿರಲಿಲ್ಲ.

ಮಾವ ವಾಚ್ ರಿಪೇರಿ ಮಾಡುತ್ತಿದ್ದವರು. ಅಂಗಡಿ ಮುಚ್ಚಿದಾಗ, "ಈಗ ಯಾರ ಕೈಯಲ್ಲಿದೆ ವಾಚು, ಎಲ್ಲರ ಕೈಯಲ್ಲೂ ಮೊಬೈಲು" ಎಂದರು. ಆದರೆ ಅದಕ್ಕೂ ಮುಂಚಿನಿಂದ ಅವರು ಕೈಜಾರಿದ ಸ್ಕ್ರೂಗಳನ್ನು ಅಂಗೈಯಿಂದ ಮೇಜು ಸವರಿ ಹುಡುಕುತ್ತಿದ್ದುದನ್ನು ಮಗ ನೋಡಿದ್ದ. ಮನೆಯಲ್ಲಿ ಟೀ ಲೋಟದ ಹೊರಗೆ ಬಿದ್ದರೆ ಅವರು ಟೀ ಪಾತ್ರೆಯ ಮೂತಿಯನ್ನು ಬೈಯುತ್ತಿದ್ದರು. ಪೇಪರಿನ ಅಕ್ಷರ ಮಂಜಾದರೆ ಅಚ್ಚಿನವರನ್ನು ಬೈಯುತ್ತಿದ್ದರು. ಮಗ ಒಮ್ಮೆ ಕಣ್ಣಿನ ಡಾಕ್ಟರ ಮಾತೆತ್ತಿದ್ದಕ್ಕೆ ಮುಖ ಗಂಟಿಕ್ಕಿಕೊಂಡು ವಾರವಿಡೀ ಮಾತು ಬಿಟ್ಟಿದ್ದರು. ಆಮೇಲೆ ಯಾರೂ ಆ ಸುದ್ದಿಗೆ ಹೋಗಲಿಲ್ಲ.

ಚಳಿ ಬಿಟ್ಟು, ಮರಗಳು ಚಿಗುರಿ, ಒಂದೆರಡು ಮಳೆ ಬಿದ್ದರೆ ಊರ ಹಿಂದಿನ ಇಳಿಜಾರಿನಲ್ಲಿ ಬಿಳಿ ಅಣಬೆ ಏಳುತ್ತಿತ್ತು. ಮಾವ ಚಿಕ್ಕಂದಿನಲ್ಲಿ ತಮ್ಮ ತಂದೆಯ ಬೆನ್ನು ಹಿಡಿದು ಹೋಗಿ ಆ ಜಾಗಗಳನ್ನು ಕಲಿತಿದ್ದರು. ಚೂರಿ, ಬುಟ್ಟಿ, ಮುಚ್ಚಲು ಒದ್ದೆ ಬಟ್ಟೆ. ಮನೆಗೆ ತಂದರೆ ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಅಣಬೆ ಹಾಕಿ, ಅದು ಬಿಟ್ಟ ನೀರೆಲ್ಲ ಇಂಗುವವರೆಗೂ ಹುರಿದು, ಮೇಲೆ ಕಾಳುಮೆಣಸು ಉದುರಿಸಬೇಕು. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಅಣಬೆ ಆರಿಸುವುದನ್ನು ಅವರೇ ಕಲಿಸಿದ್ದರು. "ದಂಟಿನ ಸುತ್ತ ಲಂಗದ ಹಾಗೆ ತೆಳ್ಳಗೆ ಪೊರೆ ಇದ್ಯಾ ನೋಡು. ಬುಡದಲ್ಲಿ ಚೀಲ ಇದ್ಯಾ ನೋಡು. ಇದ್ರೆ ಮುಟ್ಟಿದ ಕೈಯನ್ನೂ ತೊಳ್ಕೋಬೇಕು."

ಅವರು ತಂದ ಬುಟ್ಟಿಯಲ್ಲಿಯೇ ಒಂದು ವಸಂತ ಅವಳಿಗೆ ಅಂಥದ್ದು ಸಿಕ್ಕಿತು. ಲಂಗವೂ ಇತ್ತು, ಚೀಲವೂ ಇತ್ತು. ಅವಳು ಕೈ ತೊಳೆದುಕೊಂಡು ಗಂಡನನ್ನು ಬಚ್ಚಲಿಗೆ ಕರೆದು ತೋರಿಸಿದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಮಾತು ಬೆಳೆಸುವವನಲ್ಲ. ಸ್ವಲ್ಪ ಹೊತ್ತು ನೋಡಿ ಹೇಳಿದ: "ಅಮ್ಮ ಹೋದ್ಲು, ಅಂಗಡಿ ಹೋಯ್ತು. ಅವರಿಗೆ ಉಳ್ದಿರೋದು ಇದೊಂದೇ. ಇದನ್ನ ಎಸೆದುಬಿಡು. ಪೇಟೆಯಿಂದ ತಂದು ಮಾಡು. ನಾಲಿಗೆ ರುಚಿಯೂ ಮೊದಲಿನ ಹಾಗಿಲ್ಲ ಅವರಿಗೆ, ಗೊತ್ತಾಗಲ್ಲ."

ಗೊತ್ತಾಗಲಿಲ್ಲ. ಸೊಸೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಕೆಲಸದಿಂದ ಬರುವಾಗ ಮಾರ್ಕೆಟ್ಟಿನಲ್ಲಿ ಅಣಬೆ ಕೊಂಡು ಚೀಲದ ತಳದಲ್ಲಿಟ್ಟುಕೊಂಡು ಬರುವಳು, ಮಾವನದನ್ನು ಪೇಪರಿನಲ್ಲಿ ಸುತ್ತಿ ಮಾರನೆಯ ದಿನ ಲಾಂಡ್ರಿಯ ಕಸದ ಡಬ್ಬಿಗೆ ಹಾಕುವಳು. "ಈ ಸಲ ವಾಸನೆ ಸ್ವಲ್ಪ ಕಮ್ಮಿ, ಮಳೆ ಸಾಲಲಿಲ್ಲ" ಎಂದು ಮಾವ ಬ್ರೆಡ್ಡಿನಿಂದ ತಟ್ಟೆ ಒರೆಸುತ್ತಾ ಹೇಳಿದರೆ ಗಂಡಹೆಂಡಿರು ಹೌದೆಂದು ತಲೆಯಾಡಿಸುವರು.

ಈ ವಸಂತದಲ್ಲಿ ಒಂದು ಸಂಜೆ, ಹಾಗೆಯೇ ತಟ್ಟೆ ಒರೆಸುತ್ತಾ ಮಾವ ಹೇಳಿದರು: "ಇವತ್ತು ಬುಟ್ಟಿ ತುಂಬ ಸಿಕ್ತು. ಅರ್ಧ ತಂಗಿ ಮನೇಲಿ ಕೊಟ್ಟು ಬಂದೆ. ಪಾಪ, ಅವಳಿಗೂ ಆಸೆ."

ಸೊಸೆ ತಟ್ಟೆ ಪಕ್ಕಕ್ಕೆ ಸರಿಸಿದಳು. ಗಂಡನ ಮುಖ ನೋಡಿದಳು. ಅವನು ಊಟ ನಿಲ್ಲಿಸಿದ್ದ. "ಅತ್ತೆ ಹತ್ರ ನನ್ನ ಬ್ಲೌಸ್ ಇದೆ, ಇಸ್ಕೊಂಡು ಬರ್ತೀನಿ" ಎಂದು ಅವಳು ಕೈ ತೊಳೆಯದೆಯೇ ಎದ್ದಳು.

ಮಾವನ ತಂಗಿಯನ್ನು ಗಂಡಹೆಂಡಿರಿಬ್ಬರೂ ಅತ್ತೆ ಎಂದೇ ಕರೆಯುತ್ತಿದ್ದರು. ಅವಳ ಮನೆ ಎರಡು ಬೀದಿಯಾಚೆ. ಕೆಳಗೆ ಅವಳ ಗಂಡನ ಟೈಲರ್ ಅಂಗಡಿ, ಮೇಲೆ ಮನೆ. ಟೈಲರ್ ಬಟ್ಟೆ ಕತ್ತರಿಸಿ ಹೊಲಿಯುವನು, ಅವಳು ಗುಂಡಿ ಹಾಕಿ ಅಂಚು ಮಡಿಸುವಳು. ಇಬ್ಬರೂ ದಿನವಿಡೀ ಜಗಳವಾಡುತ್ತಿದ್ದರು. ಜಗಳ ಕೇಳಿಸದಿದ್ದರೆ ಬೀದಿಯವರು ಇವರು ಊರಲ್ಲಿಲ್ಲವೆಂದು ತಿಳಿಯುತ್ತಿದ್ದರು. ಸೊಸೆ ಓಡುವಂತೆ ಮೆಟ್ಟಿಲು ಹತ್ತಿದಾಗ ಅತ್ತೆ ಬಾಣಲೆ ತಿಕ್ಕುತ್ತಿದ್ದಳು.

"ಬಾರೇ. ತಡವಾಗಿ ಬಂದೆ, ಎಲ್ಲ ಖಾಲಿ. ಏನ್ ರುಚಿ ಅಂತೀಯಾ. ಈ ವಯಸ್ಸಲ್ಲೂ ನಮ್ಮಣ್ಣನದು ಹದ್ದಿನ ಕಣ್ಣು."

"ಇವರೂ ತಿಂದ್ರಾ?" ಎಂದು ಟೈಲರ್ ಕಡೆ ನೋಡಿ ಸೊಸೆ ಕೇಳಿದಳು.

"ಇವರಾ? ಮೊಟ್ಟೆ ಬೇಯಿಸ್ಕೊಂಡು ತಿಂದ್ರು. ಕೊಳೆತ ಎಲೆ ಮೇಲೆ ಬೆಳೆಯೋದನ್ನ ಮನುಷ್ಯರು ತಿನ್ನಲ್ವಂತೆ. ನಾನು ಮನುಷ್ಯಳಲ್ಲ ಅಂತಾಯ್ತಲ್ಲ."

ಟೈಲರ್ ಪೇಪರಿನಿಂದ ತಲೆಯೆತ್ತದೆ, "ನಾನು ಹಾಗನ್ಲಿಲ್ಲ, ನೀನೇ ಅಂದ್ಕೊಂಡೆ" ಎಂದ.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು. ಹೇಳಿಬಿಡಬೇಕೆಂದೇ ಬಂದಿದ್ದಳು. ಅತ್ತೆ ನಗುನಗುತ್ತಾ ಬಾಣಲೆ ಕವುಚಿಟ್ಟಳು, ಕೈ ಒರೆಸಿಕೊಂಡಳು. ಕೆಟ್ಟದ್ದು ತಿಂದವಳ ಹಾಗೆ ಎಲ್ಲಿದ್ದಾಳೆ? ಎಲ್ಲ ಬುಟ್ಟಿಯಲ್ಲೂ ವಿಷ ಇರುತ್ತದೆಯೆ? ಇವತ್ತಿನದನ್ನು ಅವಳು ನೋಡದೆಯೇ ಪೇಪರಿನಲ್ಲಿ ಸುತ್ತಿಟ್ಟಿದ್ದಳು, ಒಳ್ಳೆಯದೇ ಇರಬಹುದು. ಸೊಸೆ ಬ್ಲೌಸ್ ಇಸಿದುಕೊಂಡು ಮನೆಗೆ ಬಂದು, "ಚೆನ್ನಾಗಿದ್ದಾರೆ" ಎಂದು ಗಂಡನಿಗೆ ಹೇಳಿದಳು.

ಬೆಳಗಾಗುವಷ್ಟರಲ್ಲಿ ಅತ್ತೆಗೆ ವಾಂತಿ, ಭೇದಿ. ಟೈಲರ್ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಸೇರಿಸಿ ಹೇಳಿಕಳಿಸಿದ. ಮೂವರೂ ಹೋದರು. ಏನು ತಿಂದರೆಂದು ಡಾಕ್ಟರ್ ಕೇಳಿದಾಗ, ಟೈಲರ್ "ಅಣಬೆ" ಅಂದ. ತಕ್ಷಣ ಮಾವ ಮುಂದೆ ಬಂದರು.

"ನಾನೇ ಕಿತ್ತು ತಂದಿದ್ದು ಡಾಕ್ಟ್ರೇ. ಅರ್ಧ ಇವಳಿಗೆ, ಅರ್ಧ ನಮ್ಮನೆಗೆ. ನಾವು ಮೂರು ಜನ ತಿಂದಿದ್ದೀವಿ, ನೋಡಿ, ಗುಂಡುಕಲ್ಲಿನ ಹಾಗೆ ನಿಂತಿದ್ದೀವಿ."

ಡಾಕ್ಟರ್ ಮೂವರನ್ನೂ ನೋಡಿದರು. ಹಾಗಾದರೆ ಬೇರೇನೋ ಹೊಟ್ಟೆ ಕೆಡಿಸಿರಬೇಕೆಂದು ಡ್ರಿಪ್ ಹಾಕಿಸಿದರು. ಸೊಸೆ ಗಂಡನ ತೋಳು ಹಿಡಿದು ಕಾರಿಡಾರಿಗೆ ಎಳೆದಳು.

"ಹೇಳಿ. ಈಗಲೇ ಹೋಗಿ ಹೇಳಿ."

"ಅಪ್ಪನ ಎದುರಿಗೆ ಹ್ಯಾಗೆ ಹೇಳ್ಲಿ? ಸಂಜೆ ಅವರನ್ನ ಬಿಟ್ಟು ಬಂದು ಹೇಳ್ತೀನಿ."

ಸಂಜೆ ಇಬ್ಬರೇ ಹೋದಾಗ ಅತ್ತೆ ಎದ್ದು ಕೂತಿದ್ದಳು. ವಾಂತಿ ನಿಂತಿತ್ತು. ಯಾರದೋ ಕೋಟಿಗೆ ತಪ್ಪು ಗುಂಡಿ ಹಾಕೀರಿ ಎಂದು ಟೈಲರನ್ನು ಬೈಯುತ್ತಿದ್ದಳು. ನಾಳೆ ಮನೆಗೆ ಕಳಿಸಬಹುದೆಂದು ನರ್ಸ್ ಹೇಳಿದಳು. ಗಂಡ ಸೊಸೆಯ ಕಡೆ ತಿರುಗಿ ಮೆಲ್ಲಗೆ, "ನೋಡು, ಆಯ್ತಲ್ಲ. ಸುಮ್ನೆ ಯಾಕೆ ಕೆದಕೋದು" ಎಂದ. ಅವಳೂ ಸುಮ್ಮನಾದಳು. ಆ ನಿರಾಳದಲ್ಲಿ ಅವಳಿಗೆ ಹಿಂದಿನ ರಾತ್ರಿ ಬಾರದ ನಿದ್ದೆಯೆಲ್ಲ ಒಟ್ಟಿಗೆ ಬಂತು.

ಮಾರನೆಯ ದಿನ ಅತ್ತೆಯ ಕಣ್ಣು ಅರಿಸಿನದ ಹಾಗೆ ಹಳದಿಯಾಗಿತ್ತು. ಸೊಸೆ ಈ ಸಲ ಯಾರನ್ನೂ ಕೇಳಲಿಲ್ಲ. ನೇರವಾಗಿ ಡಾಕ್ಟರ ರೂಮಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಡಾಕ್ಟರ್ ಬೈಯಲಿಲ್ಲ. ಪೆನ್ನು ಕೆಳಗಿಟ್ಟು, "ಇಂಥ ಅಣಬೆ ಮಧ್ಯೆ ಒಂದು ದಿನ ವಾಸಿಯಾದ ಹಾಗೆ ತೋರಿಸುತ್ತೆ. ಅಷ್ಟರಲ್ಲಿ ಲಿವರ್ ಹೋಗಿರುತ್ತೆ. ಮೊದಲ ದಿನವೇ ಹೇಳ್ಬೇಕಿತ್ತಮ್ಮ" ಎಂದರು. ಅಣಬೆ ವಿಷವೆಂದು ಚೀಟಿ ಬರೆದು, ಸೊಸೆ ಹೇಳಿದ್ದನ್ನು ಮನೆಯ ಬೇರೆಯವರಿಗೆ ತಿಳಿಸದೆ, ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಅತ್ತೆಗೆ ಜ್ಞಾನ ತಪ್ಪಿತು, ಮತ್ತೆ ಬರಲಿಲ್ಲ.

ತಂಗಿಯನ್ನು ಮಣ್ಣು ಮಾಡುವಾಗ ಮಾವ ಅಳಲಿಲ್ಲ. ಮನೆಗೆ ಬಂದು ಕಿಟಕಿಯ ಬಳಿ ಕೂತವರು ಊಟಕ್ಕೂ ಏಳಲಿಲ್ಲ. ಅವರು ಲೆಕ್ಕ ಹಾಕುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ ಮಗನನ್ನು ಕರೆದು ಹೇಳಿದರು: "ಅಣಬೆ ವಿಷ ಅಂತ ಆಸ್ಪತ್ರೆಯವರು ಬರ್ದಿದ್ದಾರೆ. ಇರಲಿ. ನನ್ನ ಅಣಬೆ ಅಲ್ಲ. ನನ್ನದೇ ಆಗಿದ್ರೆ ನಾವೂ ಸಾಯ್ಬೇಕಿತ್ತು. ಯಾರೋ ಬೇರೆ ತಂದು ಬೆರೆಸಿದ್ದಾರೆ. ಆ ಮನೇಲಿ ತಿನ್ನದೇ ಇದ್ದೋನು ಒಬ್ಬನೇ."

ಮಗ ಡಿಪೋಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡ.

ಮಾವ ಅಲ್ಲಿಗೇ ಬಿಡಲಿಲ್ಲ. ಬ್ರೆಡ್ ಅಂಗಡಿಯಲ್ಲಿ ಹೇಳಿದರು, ಬಸ್‌ಸ್ಟಾಪಿನಲ್ಲಿ ಹೇಳಿದರು, ಟೈಲರ್ ಅಂಗಡಿಯ ಎದುರು ನಿಂತು ಒಳಗೆ ಹೋಗುವವರಿಗೂ ಹೇಳಿದರು. ಬೀದಿಯವರಿಗೆ ಆ ಗಂಡಹೆಂಡಿರ ಜಗಳ ನೆನಪಿತ್ತು. ಇಷ್ಟು ದಿನ ನಕ್ಕು ಕೇಳಿದ್ದ ಜಗಳಕ್ಕೆ ಈಗ ಬೇರೆಯೇ ಅರ್ಥ ಹುಟ್ಟಿತು. ಹೊಲಿಯಲು ಕೊಟ್ಟವರು ಒಬ್ಬೊಬ್ಬರಾಗಿ ಬಂದು, ಕತ್ತರಿಸಿಟ್ಟ ಬಟ್ಟೆಯನ್ನೂ ಹಾಗೇ ಮಡಿಸಿಕೊಂಡು ವಾಪಸು ತೆಗೆದುಕೊಂಡು ಹೋದರು. ಟೈಲರ್ ಯಾರಿಗೂ ಎದುರು ಮಾತಾಡಲಿಲ್ಲ. ಮೆಷಿನ್ ಮುಂದೆ ಕೈಕಟ್ಟಿ ಕೂತಿರುತ್ತಿದ್ದ. ಸೊಸೆ ಲಾಂಡ್ರಿಗೆ ಹೋಗುವಾಗ ಆ ಬೀದಿ ತಪ್ಪಿಸಿ ಸುತ್ತುಹಾಕಿ ಹೋಗತೊಡಗಿದಳು.

"ಹೇಳಿದ್ರೆ ಅಪ್ಪ ತಡ್ಕೊಳ್ಳಲ್ಲ" ಎಂದ ಗಂಡ.

"ಆ ಮನುಷ್ಯ ತಡ್ಕೊಳ್ತಿದ್ದಾನಲ್ಲ."

"ಇನ್ನು ಸ್ವಲ್ಪ ದಿನ. ತಾವೇ ಮರೀತಾರೆ."

ಒಂದು ಭಾನುವಾರ ಬೆಳಿಗ್ಗೆ ಮಾವ ಬುಟ್ಟಿಯೊಂದಿಗೆ ಅಡುಗೆಮನೆಗೆ ಬಂದರು. ಪ್ಯಾಂಟಿನ ಮೊಣಕಾಲಿಗೆಲ್ಲ ಮಣ್ಣು. ಅವರ ಹಿಂದೆ ಎದುರುಮನೆಯ ಗಂಡಹೆಂಡತಿ, ಅವರ ಹಿಂದೆ, ಒಳಗೆ ಬರಲೋ ಬೇಡವೋ ಎಂಬಂತೆ, ಟೈಲರ್. ಮಾವ ಬುಟ್ಟಿಯನ್ನು ಮೇಜಿನ ಮೇಲಿಟ್ಟರು.

"ಅದೇ ಜಾಗದ್ದು, ಅದೇ ಮರದ ಕೆಳಗಿಂದು. ಒಲೆ ಹಚ್ಚು. ಇವರೆಲ್ಲರ ಮುಂದೆ ನಾನು ತಿಂತೀನಿ. ನಾಳೆ ನಾನು ಬದುಕಿದ್ರೆ, ಅಲ್ಲಿ ನಿಂತಿದ್ದಾನಲ್ಲ, ಅವನು ಬಾಯಿ ಬಿಡ್ಲಿ."

ಸೊಸೆ ಒಲೆ ಹಚ್ಚಿದಳು. ಬೇರೇನು ಮಾಡಬೇಕೆಂದು ತಿಳಿಯದೆ ಬೆಣ್ಣೆಯನ್ನೂ ಹಾಕಿದಳು. ಬೆಣ್ಣೆ ಕರಗಿ ನೊರೆಯಾಗುತ್ತಿರಲು ಒದ್ದೆ ಬಟ್ಟೆ ಸರಿಸಿ ಬುಟ್ಟಿಗೆ ಕೈಹಾಕಿದಳು. ದಪ್ಪ ದಂಟಿನ, ಹಸಿ ಹಿಟ್ಟಿನ ವಾಸನೆಯ ಒಳ್ಳೆಯ ಅಣಬೆ ಒಂದಷ್ಟಿದ್ದವು. ನಡುವೆ ಲಂಗ ತೊಟ್ಟವು. ಒಂದು, ಇನ್ನೊಂದು, ತಳದಲ್ಲಿ ಮತ್ತೂ ಕೆಲವು. ಅವಳು ಒಲೆ ಆರಿಸಿದಳು.

"ಯಾಕೆ ಆರಿಸಿದೆ?"

"ಮಾವ, ನೀವು ತಂದಿದ್ದನ್ನ ನಾವು ಆ ದಿನ ತಿನ್ಲಿಲ್ಲ. ಹೋದ ವರ್ಷವೂ ತಿನ್ಲಿಲ್ಲ, ಅದರ ಹಿಂದಿನ ವರ್ಷವೂ ಇಲ್ಲ. ನಿಮ್ಮ ಬುಟ್ಟೀಲಿ ಕೆಟ್ಟದ್ದು ಬರೋಕೆ ಶುರುವಾಗಿತ್ತು. ನಾನು ಎಸೀತಿದ್ದೆ. ನಿಮಗೆ ಹಾಕ್ತಿದ್ದಿದ್ದು ಮಾರ್ಕೆಟ್ಟಿಂದು."

ಗದ್ದಲ ಕೇಳಿ ಬಂದಿದ್ದ ಗಂಡ ಬಾಗಿಲಲ್ಲಿ ನೆಲ ನೋಡುತ್ತಾ ನಿಂತ. ಮಾವ ಅವನ ಕಡೆ ತಿರುಗಿದರು.

"ನಿಂಗೂ ಗೊತ್ತಿತ್ತಾ?"

"ನಾನೇ ಹೇಳಿದ್ದಪ್ಪ, ಹಾಗೆ ಮಾಡು ಅಂತ."

ಮಾವ ಕೈ ಚಾಚಿದರು. ಸೊಸೆ ಅವರ ಒಂದೊಂದು ಕೈಗೆ ಒಂದೊಂದು ಅಣಬೆ ಇಟ್ಟಳು. ಅವರು ಎರಡನ್ನೂ ಕಣ್ಣಿನ ಹತ್ತಿರ ಹಿಡಿದರು. ಕಿಟಕಿಯ ಬೆಳಕಿಗೆ ಹೋಗಿ ನೋಡಿದರು. ಎಲ್ಲರೂ ನೋಡುತ್ತಿದ್ದರು. ಕೊನೆಗೆ, "ಯಾವುದು?" ಎಂದು ಕೇಳಿದರು.

"ಬಲಗೈಲಿರೋದು."

ಅವರು ಹೆಬ್ಬೆರಳಿನ ಉಗುರಿನಿಂದ ಬಲಗೈಯ ದಂಟನ್ನು ಮೇಲಿನಿಂದ ಕೆಳಗೆ ಸವರಿದರು. ವಾಚಿನ ಕೂದಲೆಳೆಯಂಥ ಸ್ಪ್ರಿಂಗನ್ನು ಮುಟ್ಟಿ ಗುರುತಿಸುತ್ತಿದ್ದ ಉಗುರು ಅದು. ಪೊರೆ ತಗುಲಿತು. ಅಲ್ಲಿಯೇ ಬೆರಳು ನಿಂತಿತು. ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು.

ಟೈಲರ್ ಮೊದಲ ಸಲ ಬಾಯಿ ತೆರೆದ. ದನಿ ಏರಿರಲಿಲ್ಲ. "ಭಾವ, ಅವಳು ಆ ಬೆಳಿಗ್ಗೆ ವಾಂತಿ ಮಾಡ್ಕೊಳ್ತಾ ಏನಂದ್ಲು ಗೊತ್ತಾ? ಅಣ್ಣಂಗೆ ಅಣಬೆ ಸುದ್ದಿ ಹೇಳ್ಬೇಡಿ, ನೊಂದ್ಕೋತಾನೆ ಅಂದ್ಲು. ನಾನು ಡಾಕ್ಟ್ರಿಗೆ ಹೇಳಿದ್ದಕ್ಕೆ ಆಮೇಲೆ ನನ್ನನ್ನೇ ಬೈದ್ಲು."

ಆಮೇಲೆ ಸೊಸೆಯ ಕಡೆ ನೋಡಿದ. "ಆ ಸಂಜೆ ನೀನು ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ."

ಅಷ್ಟು ಹೇಳಿ ಹೋದ.

ಬೀದಿಯವರು ಮತ್ತೆ ಬಟ್ಟೆ ತಂದರು, ಆದರೆ ಟೈಲರ್ ತೆಗೆದುಕೊಳ್ಳಲಿಲ್ಲ. ಮೆಷಿನ್ ಮಾರಿ ಬೇರೆ ಊರಿನಲ್ಲಿದ್ದ ಅಕ್ಕನ ಮನೆಗೆ ಹೊರಟ. ಹೊರಡುವ ದಿನ ಸೊಸೆ ಹೋಗಿ ಕ್ಷಮಿಸಿ ಎಂದು ಕೇಳಿದಳು. ಅವನು ಸಾಮಾನಿನ ಗಂಟಿಗೆ ಹಗ್ಗ ಬಿಗಿಯುತ್ತಲೇ ಹೇಳಿದ: "ಅವಳ ಸಾವನ್ನ ನಿಮ್ಮ ಮನೆಯವರೇ ಹಂಚ್ಕೊಳ್ಳಿ ತಾಯಿ. ನನಗೆ ಅದರಲ್ಲಿ ಪಾಲು ಬೇಡ."

ಮಾವ ಯಾರನ್ನೂ ಬೈಯಲಿಲ್ಲ. ತಟ್ಟೆ ಮುಂದೆ ಇಟ್ಟಾಗಲೆಲ್ಲ, "ಇದೇನು?" ಎಂದು ಕೇಳುತ್ತಿದ್ದರು. ಸೊಸೆ ಹೇಳಿದ ಮೇಲೂ ಚಮಚೆಯಿಂದ ಕೆದಕಿ, ಮೂಸಿ, ಸ್ವಲ್ಪವೇ ತಿಂದು ಎದ್ದುಬಿಡುವರು. ಅವಳು ತಟ್ಟೆ ಎತ್ತಿಡುವಳು. ಸಮಾಧಾನ ಹೇಳುವ ಹಕ್ಕು ತನಗಿಲ್ಲವೆಂದು ಅವಳಿಗೆ ಅನಿಸಿತ್ತು.

ಬೇಸಿಗೆಯ ಕೊನೆಯಲ್ಲಿ ಅವರೇ ಒಂದು ದಿನ, "ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗು" ಎಂದರು. ಗಂಡ ಡಿಪೋದಲ್ಲಿದ್ದ. ಸೊಸೆಯೇ ಲಾಂಡ್ರಿಗೆ ರಜೆ ಹಾಕಿ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೊಂದಕ್ಕೆ ಆಪರೇಷನ್ ಆಯಿತು.

ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಡಾಕ್ಟರ್ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಮಾವ ಮೇಲಿನ ದೊಡ್ಡ ಸಾಲಿನಿಂದ ಶುರುಮಾಡಿ ಕೊನೆಯ ಸಣ್ಣ ಸಾಲಿನವರೆಗೂ ತಡವರಿಸದೆ ಓದಿದರು. ಆಮೇಲೆ ತಮ್ಮ ಅಂಗೈ ನೋಡಿಕೊಂಡರು, ಪಕ್ಕದಲ್ಲಿ ನಿಂತಿದ್ದ ಸೊಸೆಯ ಮುಖ ನೋಡಿದರು.

"ಇಷ್ಟೇನಾ ಡಾಕ್ಟ್ರೇ? ಇಷ್ಟು ಸುಲಭನಾ?"

"ಇಷ್ಟೇ ಯಜಮಾನ್ರೇ" ಎಂದು ಡಾಕ್ಟರ್ ನಕ್ಕರು. "ಸುಮ್ನೆ ಹೆದರ್ಕೊಂಡು ಮುಂದೆ ಹಾಕ್ತಾರೆ ಎಲ್ಲರೂ. ಮೂರ್ನಾಲ್ಕು ವರ್ಷದ ಹಿಂದೆಯೇ ಬಂದಿದ್ರೂ ಆಗ್ತಿತ್ತು."

ಮಾವ ಕುರ್ಚಿಯ ಕೈ ಹಿಡಿದುಕೊಂಡು ಅಳತೊಡಗಿದರು. ಸಂತೋಷಕ್ಕೆ ಅಳುತ್ತಿದ್ದಾರೆಂದುಕೊಂಡ ಡಾಕ್ಟರ್, ಹೊಸ ಕಣ್ಣಿಗೆ ಇಷ್ಟು ನೀರು ಒಳ್ಳೆಯದಲ್ಲ ಎಂದು ಹತ್ತಿ ಕೊಟ್ಟರು. ಸೊಸೆ ಅದನ್ನು ಇಸಿದುಕೊಂಡು ಒರೆಸಲು ಬಗ್ಗಿದಳು. ಮಾವ ತಡೆಯಲಿಲ್ಲ.