ಕೈ ಬಿಟ್ಟ ಹೊತ್ತು

ಮಗಳ ಮುಂಗೈಗಳನ್ನು ಮೇಷ್ಟ್ರು ಬಿಗಿಯಾಗಿ ಹಿಡಿದಷ್ಟೂ ಅವಳ ಚೀರಾಟ ಏರುತ್ತಲೇ ಹೋಯಿತು. ಅಂಗಡಿಯ ಸಾಬೂನಿನ ಸಾಲಿನಲ್ಲಿ ನೆಲದ ಮೇಲೆ ಕುಸಿದು ಕೂತಿದ್ದ ಅವಳು ಪಕ್ಕದ ಕಬ್ಬಿಣದ ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಒಂದೊಂದು ಏಟಿಗೂ ಮೇಲಿನ ಹಲಗೆಯಿಂದ ಪೊಟ್ಟಣಗಳು ಉದುರಿ ಬೀಳುತ್ತಿದ್ದವು.

"ಏಯ್, ನಿಲ್ಸು! ನಿಲ್ಸು ಅಂದ್ನಲ್ಲ!"

ಡ್ರಿಲ್ ಮೇಷ್ಟ್ರಾಗಿ ಜೀವಮಾನವಿಡೀ ಮೈದಾನದಲ್ಲಿ ಪಳಗಿದ ಗಂಟಲು ಅದು. ಅಂಗಡಿಯ ತಗಡಿನ ಸೂರಿಗೆ ಬಡಿದು ಮತ್ತೆ ಅವಳ ಮೇಲೆಯೇ ಬಿತ್ತು. ಅವಳು ತನ್ನ ಭುಜವನ್ನೇ ಕಚ್ಚಲು ಬಾಗಿದಳು.

ಮನೆಯಿಂದ ಹೊರಡುವಾಗ ಎಲ್ಲ ಸಲೀಸಾಗಿಯೇ ಇತ್ತು. ಹೆಂಡತಿ ಬಚ್ಚಲಲ್ಲಿ ಜಾರಿಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಹಾಗಾಗಿ ಮಗಳನ್ನು ಅವಳ ಮೆಚ್ಚಿನ ಹಸಿರು ಸಾಬೂನು ಕೊಳ್ಳಲು ಕರೆದೊಯ್ಯುವ ಕೆಲಸ ಮೊದಲ ಬಾರಿಗೆ ಮೇಷ್ಟ್ರ ಪಾಲಿಗೆ ಬಂದಿತ್ತು. ಮಗಳು ಈಗ ಮದುವೆಯ ವಯಸ್ಸು ದಾಟಿದ ಹೆಂಗಸು. ಆದರೂ ಪೇಟೆಯ ಗದ್ದಲ ಅವಳಿಗೆ ಇಂದಿಗೂ ಮೈಮೇಲೆ ಕಲ್ಲು ಸುರಿದ ಹಾಗೆ. ಆಟಿಸಂ ಎಂದು ಡಾಕ್ಟರು ಹೇಳಿದ್ದು ಅವಳ ಎಳವೆಯಲ್ಲೇ. ಆ ಮಾತಿನ ಅರ್ಥವನ್ನು ದಿನದಿನವೂ ಬಗೆಹರಿಸಿಕೊಂಡವಳು ಹೆಂಡತಿ. ಮೇಷ್ಟ್ರಿಗೆ ಯಾವತ್ತೂ ಶಾಲೆ, ಪಂದ್ಯ, ಕ್ರೀಡಾಕೂಟ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ.

"ಅವಳಿಗೆ ತಡೀಲಾರದ ಹಾಗಾದ್ರೆ ಮುಟ್ಬೇಡಿ, ಗದರ್ಬೇಡಿ, ಏನಾಯ್ತು ಏನಾಯ್ತು ಅಂತ ಕೇಳ್ಬೇಡಿ," ಎಂದಿದ್ದಳು ಹೆಂಡತಿ. "ತಲೆಗೆ ಮೆತ್ತಗಿರೋದೇನಾದ್ರೂ ಅಡ್ಡ ಇಡಿ. ಜನಾನ ದೂರ ಕಳಿಸಿ. ಆಮೇಲೆ ಪಕ್ಕದಲ್ಲಿ ಸುಮ್ನೆ ಕೂತಿರಿ."

"ಸುಮ್ನೆ ಕೂತಿರೋಕೆ ನಾನ್ಯಾಕೆ ಬೇಕು? ಒಂದು ಮೂಟೆ ಕಳಿಸಿದ್ರೂ ಆಗುತ್ತಲ್ಲ."

"ಕೂತು ನೋಡಿ, ಗೊತ್ತಾಗುತ್ತೆ."

ಅಂಗಡಿಯವರು ಸಾಮಾನುಗಳನ್ನೆಲ್ಲ ಹೊಸದಾಗಿ ಜೋಡಿಸಿದ್ದರು. ಹಸಿರು ಸಾಬೂನು ಇರಬೇಕಾದಲ್ಲಿ ಹಲ್ಲುಜ್ಜುವ ಬ್ರಷ್ಷುಗಳಿದ್ದವು. ಮಗಳು ಆ ಜಾಗದ ಮುಂದೆ ಕೈ ಒದರುತ್ತಾ ಅತ್ತಿಂದಿತ್ತ ಓಡಾಡಿದಳು. ಮೇಷ್ಟ್ರು ಹುಡುಕಿ ಹುಡುಕಿ ಬೇಸತ್ತು, "ಬಾ, ಬೇರೆ ಯಾವುದಾದ್ರೂ ತಗೋ" ಎಂದು ತೋಳು ಜಗ್ಗಿದರು. ಅದೇ ಹೊತ್ತಿಗೆ ತಲೆಯ ಮೇಲಿನ ಸ್ಪೀಕರು ಕಿರ್ರೆಂದು ಕಿರುಚಿ, ಯಾವುದೋ ರಿಯಾಯಿತಿಯ ಸುದ್ದಿ ಸಾರತೊಡಗಿತು.

ಈಗ ಅವಳ ಮುಂಗೈ ಮೇಲೆ ತಮ್ಮ ಬೆರಳುಗಳ ಕೆಂಪು ಗುರುತು ಮೂಡಿದ್ದು ಮೇಷ್ಟ್ರ ಕಣ್ಣಿಗೆ ಬಿತ್ತು. ಕೈ ಬಿಟ್ಟರು. ಬಿಟ್ಟ ಕೈಗಳಿಗೆ ಮುಂದೇನು ಮಾಡುವುದೆಂದು ತಿಳಿಯಲಿಲ್ಲ. ಕೋಟು ಬಿಚ್ಚಿ ಮಡಚಿ, ಅವಳ ತಲೆಗೂ ಕಂಬಕ್ಕೂ ನಡುವೆ ತೂರಿಸಿದರು. ಠಣ್ ಎನ್ನುತ್ತಿದ್ದ ಸದ್ದು ಧಪ್ ಎಂದಾಯಿತು.

ಅಷ್ಟರಲ್ಲಿ ಜನ ಮುತ್ತಿಕೊಂಡಿದ್ದರು. "ಮುದ್ದು ಜಾಸ್ತಿಯಾಗಿದೆ ಸ್ವಾಮಿ," ಎಂದ ಹೊಟ್ಟೆ ಮುಂದೆ ಮಾಡಿಕೊಂಡಿದ್ದ ಒಬ್ಬ. "ಕೆನ್ನೆಗೆ ಒಂದು ಬಿಟ್ರೆ ತಾನಾಗೇ ಸುಮ್ಮನಾಗ್ತಾಳೆ."

ಮೇಷ್ಟ್ರ ನೆತ್ತಿಗೆ ರಕ್ತ ಏರಿತು. ಬೈಗುಳವೊಂದು ನಾಲಿಗೆಯ ತುದಿಗೆ ಬಂದು ನಿಂತಿತು. ಅದು ಹೊರಬಿದ್ದರೆ ಮೊದಲು ತಾಗುವುದು ಮಗಳ ಕಿವಿಗೇ ಎಂದು ಹೊಳೆದು ನುಂಗಿಕೊಂಡರು. ಕೂತಲ್ಲಿಂದಲೇ ತೋಳು ಚಾಚಿ, ಅಂಗೈ ಮುಂದೆ ಮಾಡಿ, ಮೈದಾನದಲ್ಲಿ ಸಾಲು ಹಿಂದೆ ಸರಿಸುವ ಹಾಗೆ ನಿಧಾನವಾಗಿ ಗಾಳಿಯನ್ನು ತಳ್ಳಿದರು. ಹೊಟ್ಟೆಯವನ ಸಮೇತ ಎಲ್ಲರೂ ಹಿಂದೆ ಸರಿದರು. ಶಾಲೆಯ ಮಕ್ಕಳು ಯಾವತ್ತೂ ಇಷ್ಟು ಚೆನ್ನಾಗಿ ಮಾತು ಕೇಳಿರಲಿಲ್ಲ.

ಬಾಗಿಲು ಕಾಯುವ ಸೆಕ್ಯೂರಿಟಿ ಹೆಂಗಸು ಓಡಿಬಂದಳು. "ಪೊಲೀಸರನ್ನ ಕರೀಲಾ ಸಾರ್? ಆಂಬುಲೆನ್ಸಾ?"

"ಯಾರೂ ಬೇಡಮ್ಮ." ತಮ್ಮ ದನಿ ಇಷ್ಟು ಸಣ್ಣಗೂ ಹೊರಡುತ್ತದೆಂದು ಮೇಷ್ಟ್ರಿಗೇ ಗೊತ್ತಿರಲಿಲ್ಲ. "ಸದ್ದು ಅವಳಿಗೆ ತಡೆಯೋಕಾಗಲ್ಲ. ಆ ಸ್ಪೀಕರ್ ನಿಲ್ಲಿಸಿ. ಆಗೋದಾದ್ರೆ ಈ ಲೈಟೂ ಆರಿಸಿ."

ಆಕೆ ಅವರ ಮುಖ ನೋಡಿದಳು, ಮಗಳನ್ನು ನೋಡಿದಳು, ಹೋದಳು. ಸ್ಪೀಕರು ಬಾಯಿ ಮುಚ್ಚಿತು. ಸಾಲಿನ ದೀಪಗಳು ಆರಿದವು. ಆಕೆ ಒಂದು ತಳ್ಳುಗಾಡಿಯನ್ನು ಸಾಲಿನ ಬಾಯಿಗೆ ಅಡ್ಡ ನಿಲ್ಲಿಸಿ, ಅದರಾಚೆ ಬೆನ್ನು ತಿರುಗಿಸಿ ನಿಂತಳು.

ಇನ್ನು ಸುಮ್ಮನೆ ಕೂರುವುದು. ಮೇಷ್ಟ್ರು ಮಗಳ ಎದುರಿಗೆ ಕೂರದೆ, ಪಕ್ಕಕ್ಕೆ, ಕೈಗೆಟುಕದಷ್ಟು ದೂರದಲ್ಲಿ ಕಾಲು ಚಾಚಿದರು. ಮೊಣಕಾಲು ತನ್ನಷ್ಟಕ್ಕೆ ಅಲುಗತೊಡಗಿತು. ಅದರ ಮೇಲೆ ಕೈ ಒತ್ತಿದರು. ಬೆರಳು ನೆಲ ಬಡಿಯಿತು; ಮುಷ್ಟಿ ಕಟ್ಟಿದರು. ನೀರು ಬೇಕಾ, ಮನೆಗೆ ಹೋಗೋಣವಾ, ನೋವಾಯ್ತಾ ಎಂಬ ಮಾತುಗಳೆಲ್ಲ ಗಂಟಲಲ್ಲಿ ನೂಕುನುಗ್ಗಲು ಮಾಡುತ್ತಿದ್ದವು. ಓಡು ಎಂದರೆ ಊರಾಚೆಗೆ ಓಡಿಯಾರು, ಹೊಡೆದಾಡು ಎಂದರೆ ಹೊಡೆದಾಡಿಯಾರು. ಈ ಕೂರುವುದೊಂದು ಜೀವ ಹಿಂಡುತ್ತಿತ್ತು.

ಚೀರಾಟ ನರಳಾಟವಾಯಿತು. ತಲೆ ಕೋಟಿಗೆ ಬಡಿಯುವುದು ವಿರಳವಾಯಿತು. ಆಗ ಮೇಷ್ಟ್ರ ಜೇಬಿನಲ್ಲಿ ಫೋನು ಗಂಟಲು ಹರಿಯುವಂತೆ ಅರಚಿತು.

ಮಗಳು ಬೆಚ್ಚಿ ಕಿವಿ ಮುಚ್ಚಿಕೊಂಡಳು. ಮತ್ತೆ ಮೊದಲಿನಿಂದ ಎಲ್ಲವೂ. ಮೇಷ್ಟ್ರು ತಡಬಡಾಯಿಸಿ ಫೋನಿನ ಸದ್ದಡಗಿಸಿದರು, ಹೆಂಡತಿಯದೇ ಕರೆ. ತಡವಾಯಿತೆಂದು ಕಂಗಾಲಾಗಿರಬೇಕು. ಅವರಿಗೂ ಅಲ್ಲೇ ನೆಲಕ್ಕೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಹಿಂದಿನ ಹಲಗೆಗೆ ಒರಗಿ ಕಣ್ಣು ಮುಚ್ಚಿದರು. "ಇಲ್ಲೇ ಇದೀನಿ," ಎಂದರು ಒಂದೇ ಒಂದು ಸಲ, ತಮಗೇ ಹೇಳಿಕೊಂಡ ಹಾಗೆ.

ಎಷ್ಟು ಹೊತ್ತಾಯಿತೋ. ಅವಳು ಹಿಂದೆ ಮುಂದೆ ತೂಗುತ್ತಾ ಮೂಗಿನಲ್ಲಿ ಗುನುಗತೊಡಗಿದಳು. ಆಮೇಲೆ ಗುನುಗೂ ನಿಂತಿತು. ಥಟ್ಟನೆ ಎದ್ದು ತಳ್ಳುಗಾಡಿಯ ಸಂದಿಯಲ್ಲಿ ನುಸುಳಿ, ಯಾರತ್ತಲೂ ನೋಡದೆ ಬಾಗಿಲಿಗೆ ನಡೆದಳು. ಹಿಡಿಯಲು ಮೇಲೆದ್ದ ಕೈಯನ್ನು ಮೇಷ್ಟ್ರು ಬೆನ್ನ ಹಿಂದೆ ಕಟ್ಟಿಕೊಂಡು ಹಿಂಬಾಲಿಸಿದರು.

ಹೊರಗೆ ಮೆಟ್ಟಿಲ ಮೇಲೆ ಅವಳು ಕೂತಳು. ಅವರು ಒಂದು ಮೆಟ್ಟಿಲು ಕೆಳಗೆ. ಮನೆ ಕಡೆಯ ಬಸ್ಸು ಬಂದು ಎದುರಿಗೇ ನಿಂತಿತು. ಮೇಷ್ಟ್ರು ಅರ್ಧ ಎದ್ದು, ಹಿಂತಿರುಗಿ ನೋಡಿ, ಮತ್ತೆ ಕೂತರು. ಬಸ್ಸು ಹೋಯಿತು.

ಅವಳ ಒಂದು ಚಪ್ಪಲಿ ಒಳಗೇ ಉಳಿದಿತ್ತು. ಸೆಕ್ಯೂರಿಟಿ ಹೆಂಗಸು ಅದನ್ನು ತಂದು, ಮೆಟ್ಟಿಲ ಮೇಲೆ ಅವಳಿಂದ ತುಸು ದೂರದಲ್ಲಿಟ್ಟು ಒಳಗೆ ಹೋದಳು. ಮಗಳು ರಸ್ತೆ ನೋಡುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಬರಿಗಾಲು ಮೆಲ್ಲಗೆ ಚಾಚಿಕೊಂಡಿತು. ಹೆಬ್ಬೆರಳಿನ ತುದಿ ಚಪ್ಪಲಿಯ ಪಟ್ಟಿಯನ್ನು ತಡಕಿ ಹಿಡಿದು, ಇಷ್ಟಿಷ್ಟೇ ತನ್ನತ್ತ ಎಳೆದುಕೊಳ್ಳತೊಡಗಿತು.